ಟ್ರಂಕಿನ ತಳದಲ್ಲಿರುವ ಸಿನಿಮಾ

ಮಕ್ಕಳೇ, ಕನ್ನಡದ ಮೊದಲ ಮಾತಿನ ಚಿತ್ರ ಯಾವುದು? ‘ಸತಿ ಸುಲೋಚನ’ ಎಂದು ಥಟ್ಟನೆ ಹೇಳುತ್ತೀರಿ. 1934ರ ಮಾರ್ಚ್ 3ರಂದು ತೆರೆಕಂಡ ಚಿತ್ರ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಅದನ್ನೊಮ್ಮೆ ನೋಡೋಣವೇ? ಆಗದು. ಅದರ ಒಂದು ಪ್ರತಿಯೂ ಉಳಿದಿಲ್ಲ! ರೀಲು ಹೋದ ಮೇಲೆ ಚಿತ್ರದ ನೆನಪು ಹೊತ್ತು ನಿಲ್ಲುವುದು ಫೋಟೊ, ಜಾಹೀರಾತು, ಪೋಸ್ಟರುಗಳಂಥ ಕಾಗದಗಳು ಮಾತ್ರ.

ಪೋಸ್ಟರ್ ಒಂದು ವಾರದ ಬಾಳಿನ ಕಾಗದ. ಮೈದಾ ಗೋಂದು ಬಳಿದು ಗೋಡೆಗೆ ಅಂಟಿಸುತ್ತಿದ್ದರು. ಚಿತ್ರ ಬದಲಾದರೆ ಅದರ ಮೇಲೆ ಇನ್ನೊಂದು. ನಡುವೆ ದನ ಬಂದು ಗೋಂದಿನ ಆಸೆಗೆ ಕಿತ್ತು ತಿಂದರೆ ಅಲ್ಲಿಗೆ ಮುಗಿಯಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ನಮ್ಮ ಕಡೆಯ ಊರುಗಳಲ್ಲಿ ರೀಲಿನ ಡಬ್ಬಿ ಮುಂದಿನ ಊರಿಗೆ ಹೋಗುತ್ತಿತ್ತು, ಪೋಸ್ಟರ್ ಊರಲ್ಲೇ ಉಳಿಯುತ್ತಿತ್ತು. ಅಂಟಿಸದೆ ಮಿಕ್ಕದ್ದು ಮನೆ ಸೇರಿ ಶಾಲೆಯ ಪುಸ್ತಕಕ್ಕೆ ರಟ್ಟಾಗುತ್ತಿತ್ತು, ಟ್ರಂಕಿನ ತಳಕ್ಕೆ ಹಾಸಾಗುತ್ತಿತ್ತು. ಹಾಗೆ ಹಾಸಿದ್ದು ಇವತ್ತಿಗೂ ಅಲ್ಲೇ ಇರಬಹುದು!

ಸಿಕ್ಕರೆ ಮೊದಲು ಅದರ ಕೆಳಗಿನ ಪಟ್ಟಿ ನೋಡಿ. ಮೇಲಿನ ಚಿತ್ರ ನಾಡಿಗೆಲ್ಲ ಒಂದೇ. ಆದರೆ ಟೆಂಟಿನ ಹೆಸರು, ‘ಇಂದಿನಿಂದ’ ಎಂಬ ದಿನಾಂಕ, ಆಟದ ವೇಳೆ ಇರುವ ಪಟ್ಟಿ ನಮ್ಮೂರಿನದು. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಎಷ್ಟು ತಿಂಗಳಿಗೆ ಜಗಳೂರು ತಲುಪಿತು ಎಂಬ ಲೆಕ್ಕ ಅದರಲ್ಲಿದೆ. ಅಂದ ಕೆಡುತ್ತದೆಂದು ಅದನ್ನು ಕತ್ತರಿಸಬೇಡಿ. ಕತ್ತರಿಸಿದರೆ ಪೋಸ್ಟರ್ ಉಳಿದೀತು, ಊರು ಹೋದೀತು.

ಅಸಲಿಯೋ ನಕಲಿಯೋ? ಬ್ಯಾಂಕಿನಲ್ಲಿ ನೋಟು ಪರೀಕ್ಷಿಸಿದವನು ನಾನು. ಒಂದೇ ಗುರುತು ನಂಬಬಾರದು. ಭೂತಗನ್ನಡಿ ಹಿಡಿಯಿರಿ. ಹಳೆಯ ಕಲ್ಲಚ್ಚಿನಲ್ಲಿ ಬಣ್ಣ ಸ್ಲೇಟಿನ ಮೇಲಿನ ಬಳಪದಂತೆ ತರಿತರಿಯಾಗಿ ಕಾಣುತ್ತದೆ. ಆಫ್‌ಸೆಟ್‌ನಲ್ಲಿ ಚುಕ್ಕಿಗಳ ಸಾಲು. ಚುಕ್ಕಿಯಿದ್ದ ಮಾತ್ರಕ್ಕೆ ನಕಲಿಯಲ್ಲ, ಮುಂದೆ ಅಸಲಿಗಳೂ ಆಫ್‌ಸೆಟ್‌ನಲ್ಲೇ ಬಂದವು. ಅಂಚಿನಲ್ಲಿ ಮುದ್ರಣಾಲಯದ ಹೆಸರಿದೆಯೇ, ಮಡಿಕೆಯ ಗೆರೆ ಇದೆಯೇ, ಕಾಗದ ಮಾಗಿದೆಯೇ ಎಂದೂ ನೋಡಿ. 1954ರ ‘ಬೇಡರ ಕಣ್ಣಪ್ಪ’ನ ಪೋಸ್ಟರ್ ನುಣ್ಣಗೆ, ಬೆಳ್ಳಗೆ, ಮಿರಮಿರ ಮಿಂಚುತ್ತಿದ್ದರೆ ಕಾಸು ಬಿಚ್ಚುವ ಮುನ್ನ ಯೋಚಿಸಿ.

ಇನ್ನು ಕಾಪಾಡುವ ಬಗೆ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಆಮ್ಲದ ಅಂಶವಿರುತ್ತದೆ. ಬಿಸಿಲು, ತೇವ ತಗುಲಿದರೆ ಬೇಗ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಅಂಟುಟೇಪು ಬೇಡ, ಅದರ ಗೋಂದು ಕಂದು ಕಲೆಯಾಗಿ ಇಳಿಯುತ್ತದೆ. ಲ್ಯಾಮಿನೇಷನ್ ಬೇಡ, ಮತ್ತೆ ಬಿಡಿಸಲಾಗದು. ಪಿನ್ನು ಬೇಡ, ತುಕ್ಕು ತಿನ್ನುತ್ತದೆ. ನೋಟಿನ ಕಟ್ಟಿಗೂ ಪಿನ್ನು ಹೊಡೆಯಬೇಡಿ, ಕಾಗದದ ಪಟ್ಟಿ ಸುತ್ತಿ ಎಂದು ರಿಸರ್ವ್ ಬ್ಯಾಂಕೇ ಹೇಳಿತಲ್ಲ! ಒಣಗಿದ ಕೈಯಲ್ಲಿ ಹಿಡಿದು, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿಡಿ. ನೆಲಕ್ಕೂ ಗೋಡೆಗೂ ತಾಗದ ಕಪಾಟಾದರೆ ಗೆದ್ದಲಿನ ಭಯ ಕಡಿಮೆ. ಗೋಡೆಗೆ ತೂಗುಹಾಕುವ ಆಸೆಯಿದ್ದರೆ ಫೋಟೊ ತೆಗೆದು ಅದರ ಪ್ರತಿ ಹಾಕಿ, ಅಸಲಿ ಕತ್ತಲಲ್ಲಿರಲಿ.

1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ರೀಲುಗಳ ಜೊತೆಗೆ ಪೋಸ್ಟರು, ಪದ್ಯಾವಳಿಗಳೂ ಇವೆ. ಆದರೆ ಹೊನ್ನಾಳಿಯ ಟೆಂಟಿಗೆ ಯಾವ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ನೆಲದ ಟಿಕೆಟ್ಟಿಗೆ ಎಷ್ಟಾಣೆ ಎಂದು ಹೇಳುವವರು ನಿಮ್ಮ ಮನೆಯ ಜಗುಲಿಯಲ್ಲೇ ಕೂತಿರಬಹುದು. ಅಜ್ಜ ಅಜ್ಜಿಯರೇ, ನೀವು ಹೇಳಿ. ಮಕ್ಕಳೇ, ನೀವು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು, ಹೆಸರು ದಿನಾಂಕ ಹಾಕಿ ಪೋಸ್ಟರಿನ ಜೊತೆಯಲ್ಲಿಡಿ. ಬರುವ ಭಾನುವಾರವೇ ಟ್ರಂಕು ತೆಗೆಯಿರಿ.