ಮೇಯರ್ ಆಯ್ಕೆಗೆ ನಮ್ಮದೂ ಒಂದು ಮತ

2015ರ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಬಿಜೆಪಿಗೆ 100, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14 ಸ್ಥಾನ ಬಂದವು. ಉಳಿದ ಎಂಟು ಸ್ಥಾನ ಪಕ್ಷೇತರರು ಮತ್ತು ಇತರರ ಪಾಲಾದವು. ಅರ್ಧಕ್ಕಿಂತ ಒಂದು ಸ್ಥಾನ ಹೆಚ್ಚಿಗೆ ಗೆದ್ದವರೇ ಪಾಲಿಕೆ ಆಳುತ್ತಾರೆಂದು ಊರೆಲ್ಲ ಅಂದುಕೊಂಡಿತ್ತು. ಸೆಪ್ಟೆಂಬರ್‌ನಲ್ಲಿ ಮೇಯರ್ ಗೌನು ತೊಟ್ಟವರು ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ.

ಇದರಲ್ಲಿ ಕಾನೂನು ಮೀರಿದ್ದೇನೂ ಇರಲಿಲ್ಲ. ಮೇಯರ್ ಆಯ್ಕೆಯಲ್ಲಿ ಕಾರ್ಪೊರೇಟರ್‌ಗಳ ಜೊತೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತವಿತ್ತು. ಅವರನ್ನೆಲ್ಲ ಸೇರಿಸಿದರೆ ಮತದಾರರ ಸಂಖ್ಯೆ 250 ದಾಟುತ್ತಿತ್ತು, 100 ಸ್ಥಾನ ಬಹುಮತವಾಗಿ ಉಳಿಯುತ್ತಿರಲಿಲ್ಲ. ಪಕ್ಷೇತರರನ್ನು ಕೇರಳದ ರೆಸಾರ್ಟ್‌ಗೆ ಕರೆದೊಯ್ದ ಸುದ್ದಿ ಆಗ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಬೇರೆ ಜಿಲ್ಲೆಗಳ ಪರಿಷತ್ ಸದಸ್ಯರು ಈ ಮತಕ್ಕಾಗಿಯೇ ಬೆಂಗಳೂರಿನ ವಿಳಾಸ ಕೊಟ್ಟಿದ್ದಾರೆಂಬ ದೂರುಗಳೂ ಎದ್ದವು. ಅಂದು ಗೆದ್ದ ಪಕ್ಷ ಯಾವುದು, ಸೋತದ್ದು ಯಾವುದು ಎಂಬುದು ನನಗೆ ಮುಖ್ಯವಲ್ಲ. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಸಾಲಿನಲ್ಲಿ ನಿಂತು ಮತ ಹಾಕಿದವರಿಗೆ ತಮ್ಮ ನಗರದ ಮೊದಲ ಪ್ರಜೆ ಯಾರೆಂದು ಹೇಳುವ ಅವಕಾಶವೇ ಸಿಗಲಿಲ್ಲ. ನನ್ನನ್ನು ಕಾಡುವುದು ಅದು.

ಅಮೆರಿಕದಲ್ಲಿ ಇದೇ ಜಗಳ ದೇಶದ ಮಟ್ಟದಲ್ಲಿದೆ. 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಜನರ ಮತಗಳಲ್ಲಿ ಮುಂದಿದ್ದರೂ ರಾಜ್ಯವಾರು ಪ್ರತಿನಿಧಿಗಳ ಲೆಕ್ಕದಲ್ಲಿ ಸೋತರು. ಹಿಲರಿಗೆ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ದೇಶದ ಮತಗಳನ್ನೆಲ್ಲ ಒಟ್ಟಿಗೆ ಎಣಿಸಿ ಅಧ್ಯಕ್ಷರನ್ನು ಆರಿಸಿ ಎಂಬ ಕೂಗು ಅಲ್ಲಿ ಇನ್ನೂ ಅಡಗಿಲ್ಲ.

ನಮ್ಮಲ್ಲೂ ಆ ಪ್ರಶ್ನೆ ಎದ್ದಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಪ್ರೊಫೆಸರ್ ಕೆ.ಟಿ. ಶಾ ಅವರು ರಾಷ್ಟ್ರಪತಿಯನ್ನು ವಯಸ್ಕರೆಲ್ಲರ ಮತದಿಂದಲೇ ಆರಿಸಬೇಕೆಂದು ತಿದ್ದುಪಡಿ ತಂದರು. ಸಭೆ ಒಪ್ಪಲಿಲ್ಲ. ಅದಕ್ಕೂ ಮೊದಲೇ, 1947ರ ಜುಲೈನಲ್ಲಿ, ನೆಹರೂ ಕಾರಣ ಕೊಟ್ಟಿದ್ದರು: ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲಿರುವಾಗ ಇಡೀ ದೇಶದ ಮತ ಪಡೆದು ಬಂದವರಿಗೆ ಅಧಿಕಾರವನ್ನೇ ಕೊಡದೆ ಕೂರಿಸುವುದು ಅಸಂಗತ. ಹಾಗಾಗಿ ರಾಷ್ಟ್ರಪತಿಯನ್ನು ಇಂದಿಗೂ ಸಂಸದರು, ಶಾಸಕರೇ ಆರಿಸುತ್ತಾರೆ. 1971ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಮೌಲ್ಯ, ಉತ್ತರಪ್ರದೇಶದವರಿಗೆ 208. ಹೆಬ್ಬಾಳದ ಶಾಸಕರ ಮತಕ್ಕೂ ಶೃಂಗೇರಿ ಶಾಸಕರ ಮತಕ್ಕೂ ತೂಕ ಒಂದೇ.

ರಾಷ್ಟ್ರಪತಿಯ ಮಟ್ಟಿಗೆ ನೆಹರೂ ಮಾತು ಸರಿಯೆಂದೇ ನನ್ನ ನಂಬಿಕೆ. ಆದರೆ ಮೇಯರ್ ಆ ಬಗೆಯ ಸ್ಥಾನವಲ್ಲ. ಕಸ, ರಸ್ತೆ, ಚರಂಡಿ, ಕೆರೆಗಳು ರಾಜ್ಯದ ಘನತೆಯ ಸಂಕೇತಗಳಲ್ಲ, ಪ್ರತಿದಿನ ಒಬ್ಬರು ಹೊಣೆ ಹೊರಬೇಕಾದ ಕೆಲಸಗಳು. ಮೇಯರ್‌ಗೆ ಅಧಿಕಾರವಿಲ್ಲ, ಹಾಗಾಗಿ ನೇರ ಚುನಾವಣೆ ಬೇಡ ಎನ್ನುವವರ ವಾದವನ್ನು ನಾನು ತಿರುಗಿಸಿ ಕೇಳುತ್ತೇನೆ: ಅಧಿಕಾರ ಏಕಿಲ್ಲ?

ಉತ್ತರ ಬೆಂಗಳೂರು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಗಟ್ಟಿಯಾಗಿ ಕೇಳಬೇಕು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿಗಳಿಗೆ 2007ರವರೆಗೆ ತಮ್ಮವೇ ನಗರಸಭೆಗಳಿದ್ದವು. ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಊರಿನ ಆಡಳಿತ ಹಡ್ಸನ್ ವೃತ್ತದ ಕಟ್ಟಡಕ್ಕೆ ಹೋಯಿತು. ನೀರು ಮಾತ್ರ ತನ್ನ ಹಳೆಯ ದಾರಿಯಲ್ಲೇ ಹರಿಯಿತು. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ಹೆಬ್ಬಾಳದ ನೀರು ನಾಗವಾರಕ್ಕೆ. ರಾಜಕಾಲುವೆಗೆ ವಾರ್ಡ್ ಗಡಿ ಗೊತ್ತಿಲ್ಲ. 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆ ಎರಡು ಸಲವೂ ನಗರಕ್ಕೆ ಮೇಯರ್ ಇರಲಿಲ್ಲ, ಕಾರ್ಪೊರೇಟರ್‌ಗಳೂ ಇರಲಿಲ್ಲ. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಮೇಯರ್ ಅವಧಿಯನ್ನು ಒಂದು ವರ್ಷದಿಂದ 30 ತಿಂಗಳಿಗೆ ಏರಿಸಿದ ಬಿಬಿಎಂಪಿ ಕಾಯ್ದೆ ಅದೇ ವರ್ಷ ಬಂತು. ಅದರಡಿ ಒಬ್ಬರೂ ಒಂದು ದಿನವೂ ಆ ಕುರ್ಚಿಯಲ್ಲಿ ಕೂರಲಿಲ್ಲ.

ಮೇಯರ್ ಇದ್ದ ಕಾಲದಲ್ಲಾದರೂ ಏನು ನಡೆಯಿತು? 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟದ್ದು ಬಿಡಿಎ. 800ಕ್ಕೂ ಹೆಚ್ಚು ಮರಗಳ ಪ್ರಶ್ನೆ ಅದು. ಅಕ್ಟೋಬರ್ 16ರಂದು ಸಾವಿರಾರು ಜನ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟದ್ದನ್ನು ಪ್ರಕಟಿಸಿದವರು ರಾಜ್ಯದ ಮಂತ್ರಿ. ಹೂಡಿದ್ದು ಸರ್ಕಾರ, ಹಿಂದೆಗೆದದ್ದೂ ಸರ್ಕಾರ. ನಗರದ ಮೇಯರ್ ಆ ಕಥೆಯ ಪಾತ್ರವೇ ಅಲ್ಲ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಚರ್ಚೆಯೂ ಅದೇ ಜಾಡಿನಲ್ಲಿದೆ. ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ಮೆಟ್ರೊ ಅದರದೇ ನಿಗಮದ್ದು. ಯಶವಂತಪುರದಲ್ಲಿ ಬಸ್ಸಿಳಿದು ಮೆಟ್ರೊ ಹತ್ತುವವರ ಒಂದೇ ಪ್ರಯಾಣಕ್ಕೆ ಇಷ್ಟು ಯಜಮಾನರು.

ಹಾಗೆಂದು ನೇರ ಚುನಾವಣೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳಲಾರೆ. 2009ರಲ್ಲಿ ಜೈಪುರದ ಜನ ಕಾಂಗ್ರೆಸ್‌ನ ಜ್ಯೋತಿ ಖಂಡೇಲ್ವಾಲ್ ಅವರನ್ನು ನೇರವಾಗಿ ಮೇಯರ್ ಮಾಡಿದರು, ಕೌನ್ಸಿಲ್‌ನಲ್ಲಿ ಬಹುಮತ ಬಿಜೆಪಿಗೆ ಕೊಟ್ಟರು. 2012ರಲ್ಲಿ ಶಿಮ್ಲಾದ ಮೇಯರ್ ಸ್ಥಾನ ಸಿಪಿಎಂನ ಸಂಜಯ್ ಚೌಹಾಣ್ ಅವರದಾಯಿತು; 25 ಮಂದಿಯ ಸಭೆಯಲ್ಲಿ ಅವರ ಪಕ್ಷದವರು ಮೂವರೇ. ಎರಡೂ ಕಡೆ ಆಮೇಲೆ ಕೌನ್ಸಿಲರ್‌ಗಳೇ ಆರಿಸುವ ಹಳೆಯ ಪದ್ಧತಿ ಮರಳಿತು. ಮಧ್ಯಪ್ರದೇಶದಲ್ಲಂತೂ ಸರ್ಕಾರ ಬದಲಾದ ಹಾಗೆ ಪದ್ಧತಿಯೂ ಬದಲಾಗಿ, 2022ರಲ್ಲಿ ಮತ್ತೆ ನೇರ ಚುನಾವಣೆ ನಡೆಯಿತು. ಈ ಅನುಭವಗಳನ್ನು ನೇರ ಮತದ ಸೋಲೆಂದು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ: ಜನರ ಮತ ಮೇಯರ್‌ಗೆ ಬಂತು, ಹಣದ ಕಡತ ಮಾತ್ರ ಇನ್ನೊಬ್ಬರ ಮೇಜಿನ ಮೇಲೇ ಉಳಿಯಿತು.

ಲಂಡನ್ ಈ ಗಂಟನ್ನು ಬಿಡಿಸಿದೆ. 2000ದಲ್ಲಿ ಅಲ್ಲಿ ಮೊದಲ ಬಾರಿಗೆ ಜನರೇ ಮೇಯರ್ ಆರಿಸಿದಾಗ ಗೆದ್ದವರು ಪಕ್ಷೇತರ ಕೆನ್ ಲಿವಿಂಗ್‌ಸ್ಟನ್. ನಗರ ಸಾರಿಗೆಯ ಹೊಣೆ ಅವರ ಕೈಗೇ ಸಿಕ್ಕಿತ್ತು. 2003ರಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿದರು. ಬೈದವರೂ ಹೊಗಳಿದವರೂ ಅವರನ್ನೇ ಹುಡುಕಿಕೊಂಡು ಹೋದರು, ಮರುವರ್ಷ ಮತ್ತೆ ಗೆದ್ದರು. ಮೇಯರ್ ಮಂಡಿಸಿದ ಬಜೆಟ್ ತಿದ್ದಬೇಕಾದರೆ ಅಲ್ಲಿನ ಸಭೆಯ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಶಿಮ್ಲಾಗೆ ಅಂಥ ಒಂದು ನಿಯಮವಿದ್ದಿದ್ದರೆ ಮೂವರು ಸದಸ್ಯರ ಪಕ್ಷದ ಮೇಯರ್‌ಗೂ ಕೆಲಸ ಮಾಡಲು ಜಾಗ ಸಿಗುತ್ತಿತ್ತು.

ನಮ್ಮಲ್ಲೂ ಡಾ. ಕಸ್ತೂರಿರಂಗನ್ ಸಮಿತಿ 2008ರಲ್ಲೇ ಬೆಂಗಳೂರಿಗೆ ನೇರವಾಗಿ ಆಯ್ಕೆಯಾದ ಮೇಯರ್ ಬೇಕೆಂದಿತ್ತು. ಆ ವರದಿಯ ನಂತರ ಎರಡು ಕೌನ್ಸಿಲ್‌ಗಳು ಬಂದುಹೋದವು, ವರ್ಷಕ್ಕೊಬ್ಬರಂತೆ ಮೇಯರ್‌ಗಳೂ ಬದಲಾದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಯಲಹಂಕ, ಹೆಬ್ಬಾಳ, ಬ್ಯಾಟರಾಯನಪುರ ಸೇರಿ ಬೆಂಗಳೂರು ಉತ್ತರಕ್ಕೆ ತನ್ನದೇ ಪಾಲಿಕೆ ಸಿಕ್ಕಿತು. ಎಲ್ಲ ಐದರ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಹೊಸ ಕಾಯ್ದೆಯಲ್ಲೂ ಮೇಯರ್‌ರನ್ನು ಜನ ಆರಿಸುವುದಿಲ್ಲ.

ನೇರ ಚುನಾವಣೆಯೆಂದರೆ ಹಣವಂತರ, ಸಿನಿಮಾ ಮುಖಗಳ ಪಾಲಾಗುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಲಕ್ಷಾಂತರ ಜನರನ್ನು ರೆಸಾರ್ಟ್‌ಗೆ ಕರೆದೊಯ್ಯಲಾಗದು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಆಕ್ಷೇಪ ಮೀಸಲಾತಿಯದು. ವರ್ಷಕ್ಕೊಬ್ಬ ಮೇಯರ್ ಎಂಬ ಪದ್ಧತಿಯನ್ನು ನಾವೆಷ್ಟೇ ಬೈದರೂ, ಜಿ. ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್ ಒಬ್ಬರಾದ ಮೇಲೊಬ್ಬರು ಒಂದೇ ಕೌನ್ಸಿಲ್‌ನಲ್ಲಿ ಆ ಕುರ್ಚಿ ಏರಿದ್ದು ಅದರಿಂದಲೇ. ಒಬ್ಬರಿಗೇ ಐದು ವರ್ಷ ಕೊಟ್ಟರೆ ಒಂದು ಸಮುದಾಯದ ಸರದಿಗೆ ತಲೆಮಾರೇ ಕಾಯಬೇಕಾದೀತು. ಈಗ ಐದು ಕುರ್ಚಿಗಳಿವೆ. ಪ್ರತಿ ಚುನಾವಣೆಯಲ್ಲೂ ಮೀಸಲಾತಿಯನ್ನು ಈ ಐದರ ನಡುವೆ ಹಂಚಿ ಮುಂದಿನ ಬಾರಿಗೆ ಸುತ್ತಿಸಿದರೆ ಯಾರೂ ಸರದಿಗೆ ದಶಕಗಟ್ಟಲೆ ಕಾಯಬೇಕಿಲ್ಲ. ಇದನ್ನೂ, ಐದು ವರ್ಷದ ಅವಧಿಯನ್ನೂ, ಬಜೆಟ್ ರಕ್ಷಣೆಯನ್ನೂ ಒಂದೇ ತಿದ್ದುಪಡಿಯಲ್ಲಿ ತರಲು ವಿಧಾನಸಭೆಗೆ ಅಡ್ಡಿಯಿಲ್ಲ. ಉತ್ತರ ಬೆಂಗಳೂರಿನ ಶಾಸಕರಲ್ಲಿ ಯಾರು ಅದನ್ನು ಮಂಡಿಸುತ್ತಾರೆಂದು ಮತ ಕೇಳಲು ಬಂದಾಗ ಅವರನ್ನೇ ಕೇಳಬೇಕು.