ಥರ್ಮಾಕೋಲ್ ಕಪ್ ಹೇಗೆ ತಯಾರಾಗುತ್ತದೆ?

ಕಳೆದ ರಂಜಾನ್‌ನಲ್ಲಿ ನಮ್ಮ ಕಾಲೇಜಿನ ಇಫ್ತಾರ್ ಕೂಟಕ್ಕೆ ತಟ್ಟೆ, ಲೋಟ ತರುವ ಜವಾಬ್ದಾರಿ ನನ್ನದಾಗಿತ್ತು. ಅಗ್ಗ, ಹಗುರ ಎಂದು ಥರ್ಮಾಕೋಲಿನ ತಟ್ಟೆ ಮತ್ತು ಕಪ್‌ಗಳನ್ನೇ ತಂದೆ. ಮಗ್ರಿಬ್ ನಮಾಜಿನ ನಂತರ ಎಲ್ಲವನ್ನೂ ಒಟ್ಟುಮಾಡಿದಾಗ ಆರು ಗೋಣಿಚೀಲ ತುಂಬಿತು. ಮರುದಿನ ಗುಜರಿ ಚಾಚಾ ಒಂದು ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಇದರಲ್ಲಿ ತೂಕವೇ ಇಲ್ಲ ಬೇಟಾ, ನಾನು ಒಯ್ದು ಏನು ಮಾಡಲಿ?" ಎಂದು ಹೊರಟುಹೋದರು. ಇಷ್ಟು ದೊಡ್ಡ ಚೀಲದಲ್ಲಿ ತೂಕ ಯಾಕಿಲ್ಲ? ಈ ಪ್ರಶ್ನೆಯೇ ನನ್ನನ್ನು ಈ ಲೇಖನಕ್ಕೆ ಹಚ್ಚಿತು.

ಥರ್ಮಾಕೋಲ್ ಎಂದು ನಾವು ಕರೆಯುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನ ನೊರೆ. ಪೆಟ್ರೋಲಿಯಂನಿಂದ ಪಡೆಯುವ ಸ್ಟೈರೀನ್ ಅಣುಗಳು ಸರಪಳಿಯಂತೆ ಜೋಡಿಕೊಂಡರೆ ಪಾಲಿಸ್ಟೈರೀನ್ ಆಗುತ್ತದೆ. ಗಟ್ಟಿ ರೂಪದಲ್ಲಿ ಅದು ನೀರಿಗಿಂತ ಸ್ವಲ್ಪ ಭಾರವೇ. ಅದನ್ನು ಹಗುರಗೊಳಿಸುವುದು ಅನಿಲ.

ಕಪ್ ತಯಾರಿಸಲು ಸಣ್ಣ ಸಕ್ಕರೆ ಹರಳಿನಂಥ ಪಾಲಿಸ್ಟೈರೀನ್ ಮಣಿಗಳನ್ನು ಬಳಸುತ್ತಾರೆ. ಅವುಗಳೊಳಗೆ ಪೆಂಟೇನ್ ಮೊದಲೇ ಸೇರಿರುತ್ತದೆ. ಪೆಂಟೇನ್ ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಪಾಲಿಸ್ಟೈರೀನ್ ಮೆತ್ತಗಾಗುವುದು ಸುಮಾರು 100 ಡಿಗ್ರಿಯಲ್ಲಿ. ಬಿಸಿ ಹಬೆ ಹಾಯಿಸಿದಾಗ ಮಣಿ ಮೆತ್ತಗಾಗುತ್ತದೆ, ಒಳಗಿನ ಪೆಂಟೇನ್ ಅನಿಲವಾಗಿ ಅದನ್ನು ಹಲವು ಪಟ್ಟು ಉಬ್ಬಿಸುತ್ತದೆ. ಉಬ್ಬಿದ ಮಣಿಗಳನ್ನು ಕೆಲವು ಗಂಟೆ ಹಾಗೆಯೇ ಬಿಡುತ್ತಾರೆ. ಆಗ ಹೊರಗಿನ ಗಾಳಿ ನಿಧಾನವಾಗಿ ಅವುಗಳೊಳಗೆ ಸೇರುತ್ತದೆ. ಬಳಿಕ ಕಪ್ ಆಕಾರದ ಲೋಹದ ಅಚ್ಚಿಗೆ ತುಂಬಿ ಮತ್ತೆ ಹಬೆ ಕೊಟ್ಟರೆ, ಮಣಿಗಳು ಇನ್ನಷ್ಟು ಹಿಗ್ಗಿ ಅಂಟಿಲ್ಲದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ತಣ್ಣೀರಿನಿಂದ ಅಚ್ಚು ತಣಿಸಿದರೆ ಕಪ್ ಸಿದ್ಧ. ಕಪ್ ಮುರಿದು ನೋಡಿ, ಮಣಿಗಳ ಗುರುತು ಕಾಣುತ್ತದೆ.

ತಟ್ಟೆ, ಡಬ್ಬಿಗಳ ವಿಧಾನ ಬೇರೆ. ಪ್ಲಾಸ್ಟಿಕ್ಕನ್ನು ಯಂತ್ರದಲ್ಲಿ ಕರಗಿಸಿ, ಒತ್ತಡದಲ್ಲಿ ಬ್ಯೂಟೇನ್‌ನಂಥ ಅನಿಲ ಸೇರಿಸುತ್ತಾರೆ. ಯಂತ್ರದ ಬಾಯಿಂದ ಹೊರಬಂದು ಒತ್ತಡ ಇಳಿದ ಕೂಡಲೇ ಅದು ನೊರೆಯಾಗಿ ಉಬ್ಬಿ ಹಾಳೆಯಾಗುತ್ತದೆ. ಆ ಹಾಳೆಯನ್ನು ಮತ್ತೆ ಬಿಸಿಮಾಡಿ ಅಚ್ಚಿನಲ್ಲಿ ಒತ್ತಿ ಕತ್ತರಿಸುತ್ತಾರೆ.

ಹೀಗೆ ಕಪ್‌ನ ಗಾತ್ರದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಬರೀ ಗಾಳಿ. ಚಹಾ ಬಿಸಿಯಿದ್ದರೂ ಕೈ ಸುಡದಿರುವುದು ಆ ಗಾಳಿಯಿಂದಲೇ. ಗುಜರಿ ಚಾಚಾ ಬೇಡ ಎಂದದ್ದೂ ಅದರಿಂದಲೇ: ಗುಜರಿಯ ವ್ಯಾಪಾರ ನಡೆಯುವುದು ತೂಕದ ಮೇಲೆ. ಕೊಳ್ಳುವವರಿಲ್ಲದ ಈ ಕಸ ಚರಂಡಿ ಸೇರಿ ಪುಡಿಯಾಗುತ್ತದೆಯೇ ಹೊರತು ಮಣ್ಣಲ್ಲಿ ಕರಗುವುದಿಲ್ಲ. ಸುಟ್ಟರೆ ದಟ್ಟ ಕಪ್ಪು ಹೊಗೆ. ಬಿಸಿಯಾದ, ಎಣ್ಣೆಯುಳ್ಳ ಆಹಾರಕ್ಕೆ ಸ್ಟೈರೀನ್ ಅಲ್ಪ ಪ್ರಮಾಣದಲ್ಲಿ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿದೆ.

ನಮ್ಮ ರಾಜ್ಯದಲ್ಲಿ ಥರ್ಮಾಕೋಲ್ ತಟ್ಟೆ, ಕಪ್‌ಗಳಿಗೆ 2016ರಿಂದಲೇ ನಿಷೇಧವಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿದೆ. ಅಂಗಡಿಯವರು ಕೊಟ್ಟರು, ನಾನು ತಂದೆ. ತಪ್ಪು ಅವರೊಬ್ಬರದೇ ಅಲ್ಲ.

ಇಸ್ರಾಫ್ ಬೇಡವೆಂದು ಜುಮಾ ಬಯಾನ್‌ಗಳಲ್ಲಿ ಕೇಳುತ್ತಲೇ ಇರುತ್ತೇವೆ. ಹತ್ತು ನಿಮಿಷ ಬಳಸಿ ಎಸೆಯುವ ತಟ್ಟೆ ಇಸ್ರಾಫ್ ಅಲ್ಲದೆ ಇನ್ನೇನು? ದಸ್ತರ್‌ಖಾನ್ ಹಾಸಿ ಒಂದೇ ದೊಡ್ಡ ತಟ್ಟೆಯಲ್ಲಿ ನಾಲ್ವರು ಉಣ್ಣುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ಮಸೀದಿಯ ಜಮಾಅತ್‌ನಲ್ಲಿ ಮದುವೆಗೆಂದು ಇಟ್ಟ ಸ್ಟೀಲ್ ತಟ್ಟೆಗಳೂ ಇವೆ. ಬರುವ ಇಫ್ತಾರ್‌ಗೆ ಅವನ್ನೇ ತರೋಣ. ತೊಳೆಯುವವರ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆದುಕೊಳ್ಳಿ.