ಹದಿನೆಂಟು ತುಂಬಿದ ಮೇಲೆ ಚೀಟಿ ಯಾರ ಕೈಯಲ್ಲಿ?

ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಮಗನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆತರುವ ತಾಯಿಯ ಕೈಚೀಲದಲ್ಲಿ ಹಳೆಯ ಚೀಟಿಗಳ ಕಟ್ಟೊಂದು ಇದ್ದೇ ಇರುತ್ತದೆ. ಯಾವಾಗ ರಕ್ತ ಸೋರಿತು, ಯಾವ ಮದ್ದು ಎಷ್ಟು ಕೊಟ್ಟರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಎಷ್ಟೋ ಸಲ ಮಗನಿಗೇ ಅದು ಗೊತ್ತಿರುವುದಿಲ್ಲ. ಅವನಿಗೆ ಹದಿನೆಂಟು ತುಂಬಿದಾಗ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಕುಸುಮ ರೋಗವೆಂದೂ ಕರೆಯುವ ಹಿಮೋಫಿಲಿಯಾವನ್ನೇ ನೋಡಿ. ರಕ್ತ ಹೆಪ್ಪುಗಟ್ಟಲು ಬೇಕಾದ, ಫ್ಯಾಕ್ಟರ್ ಎನ್ನುವ ಪ್ರೋಟೀನುಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಕಡಿಮೆಯಾಗುವುದೇ ಇದರ ಮೂಲ. ದೋಷ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಮಂಡಿ, ಮೊಣಕೈಗಳ ಕೀಲಿನೊಳಗೆ ಪದೇ ಪದೇ ರಕ್ತ ಸೋರಿ ಕೀಲು ಹಾಳಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಇದೂ ಒಂದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಅದು ಹದಿನೆಂಟರವರೆಗೆ ಮಾತ್ರ. ಆಮೇಲೆ ಹುಡುಗ ತಾನೇ ವೈದ್ಯರನ್ನು ಹುಡುಕಬೇಕು, ಒಪ್ಪಿಗೆ ಪತ್ರಕ್ಕೆ ತಾನೇ ಸಹಿ ಹಾಕಬೇಕು. ಕೆಲಸಕ್ಕೆಂದು ಬೇರೆ ಊರು ಸೇರಿದವನು ಹಲ್ಲು ಕೀಳಿಸಲು ಹೋಗಿ, ಕಾಯಿಲೆಯ ಹೆಸರನ್ನೇ ಹೇಳದಿದ್ದರೆ? ರಕ್ತ ನಿಲ್ಲದೆ ಜೀವಕ್ಕೇ ಅಪಾಯ. ನೋವಿಗೆಂದು ನುಂಗುವ ಆಸ್ಪಿರಿನ್ ಮಾತ್ರೆಯೂ ಇವರಿಗೆ ಆಗದು.

ಈ ವಿಷಯದಲ್ಲಿ ದಾವಣಗೆರೆ ಜಿಲ್ಲೆಯವರಿಗೆ ಒಂದು ಆಸರೆ ಹತ್ತಿರದಲ್ಲೇ ಇದೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲಿ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ಕಾಯಿಲೆಯೊಂದಿಗೇ ಬೆಳೆದು ವೈದ್ಯರಾದವರು. ತನ್ನ ಕಾಯಿಲೆಯನ್ನು ತಾನೇ ಅರಿತರೆ ಬದುಕು ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ತಯಾರಿ ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲೇ ಆರಂಭವಾಗಲಿ. ತನಗೆ ಯಾವ ಫ್ಯಾಕ್ಟರಿನ ಕೊರತೆ ಎಂಬುದನ್ನು ಹುಡುಗ ಬರೆದಿಟ್ಟುಕೊಳ್ಳಲಿ. ಕೀಲು ಊದಿದೊಡನೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ತಡಮಾಡದೆ ಚಿಕಿತ್ಸೆಗೆ ಹೊರಡುವುದನ್ನು ಕಲಿಯಲಿ. ತರಬೇತಿ ಪಡೆದರೆ ಫ್ಯಾಕ್ಟರನ್ನು ರಕ್ತನಾಳಕ್ಕೆ ತಾನೇ ಚುಚ್ಚಿಕೊಳ್ಳಲೂಬಹುದು. ವೈದ್ಯರು ಕೇಳಿದ ಪ್ರಶ್ನೆಗೆ ಅಮ್ಮ ಸುಮ್ಮನಿದ್ದು, ಮಗನೇ ಉತ್ತರಿಸಲಿ. ಹೊನ್ನಾಳಿ, ನ್ಯಾಮತಿಯ ಹಳ್ಳಿಗಳವರು ಅಂಗವಿಕಲರ ಗುರುತಿನ ಚೀಟಿಗಾಗಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು.

ಈಜು ಕಲಿಸುವವರು ಮಗುವನ್ನು ನಡುನೀರಿನಲ್ಲಿ ಕೈಬಿಡುವುದಿಲ್ಲ. ಚೀಟಿಗಳ ಕಟ್ಟೂ ಹಾಗೆಯೇ, ಅಮ್ಮನ ಚೀಲದಿಂದ ಮಗನ ಕೈಗೆ ನಿಧಾನವಾಗಿ ಸೇರಬೇಕು.